ನಡೀತದ

ನಮ್ಮ ಕಡಿ ಒಂದು ಮಾತದ: ನಡೀತದ. ಚಹಾದಾಗ ಸಕ್ಕರಿ ಕಡಿಮಿ ಆಗ್ಯದೇನ್ರಿ ಅಂದ್ರ, ನಡೀತದ. ಬಸ್ಸಿನ್ಯಾಗ ಜಾಗ ಇಲ್ಲ, ನಿಂತು ಬರ್ತೀರೇನು ಅಂದ್ರ, ನಡೀತದ. ಗಂಡಿನ ಮೂಗು ಜರಾ ಡೊಂಕದ, ಹುಡುಗಿ ಒಪ್ತಾಳೇನು ಅಂದ್ರೂ, ನಡೀತದ. ಮಾತು ಮುಂದ ಬೆಳಸಬ್ಯಾಡ್ರಿ ಅಂತ ಅದರ ಅರ್ಥ, ಅಷ್ಟೇ. ನಾನು ಮೂವತ್ತು ವರ್ಷ ಸೇಡಂದಾಗ ಸಾಲಿ ಹುಡುಗರಿಗಿ ಗಣಿತ ಕಲಿಸಿದಾಕಿ. ಅರ್ಧಾಮರ್ಧ ಉತ್ತರ ಬರದು ಕೊಟ್ಟವರ ಕಿವಿ ಹಿಂಡಿದಾಕಿ. ಮನ್ಯಾಗ ಮಾತ್ರ ಈ ಒಂದು ಶಬ್ದದ ಉತ್ತರಕ್ಕ ಪೂರಾ ಮಾರ್ಕು ಕೊಟ್ಕೋತ ಬಂದೆ.

ನಮ್ಮ ಮನಿಯವರು ಕಚೇರಿ ಕೆಲಸದಿಂದ ನಿವೃತ್ತಿ ಆಗಿ ಎರಡು ವರ್ಷ ಆಗಿತ್ತು. ಈ ಸಲ ಮೇ ತಿಂಗಳದಾಗ ನನ್ನದೂ ಮುಗೀತು. ಮರುದಿನ ಮುಂಜಾನೆ ನಾನು ಹಾಸಿಗಿ ಬಿಡೋದ್ರೊಳಗ ಅವರೇ ಚಹಾ ಮಾಡಿ ತಂದು ಕೈಯಾಗ ಕೊಟ್ರು. ಮದುವಿ ಆದಾಗಿನಿಂದ ಹಿಂಗ ಆಗಿದ್ದೇ ಇಲ್ಲ. ಇದರ ಹಿಂದ ಏನೋ ಅದ ಅಂತ ಚಹಾ ಕುಡಿಯೋದ್ರೊಳಗ ಗೊತ್ತಾಗಿತ್ತು.

"ಕೇಳಿಲ್ಲಿ. ದೀಪಾವಳಿ ಆದ ಮ್ಯಾಲ ನರ್ಮದಾ ಪರಿಕ್ರಮಕ್ಕ ಹೋಗೋಣು. ನಡಕೊಂಡು."

ನರ್ಮದಾ ನದಿ ಬಲಗಡಿ ಇಟ್ಕೊಂಡು ಸಮುದ್ರದ ತನಕ ಹೋಗೋದು, ಅಲ್ಲಿಂದ ಆಚಿ ದಂಡಿಗುಂಟ ನದಿ ಹುಟ್ಟೋ ಜಾಗದ ತನಕ ಬಂದು, ಮತ್ತ ಹೊಂಟಲ್ಲಿಗೇ ಮುಟ್ಟೋದು. ತಿಂಗಳಾನುಗಟ್ಟಲೆ ನಡಿಗಿ. ನಡುವ ನದಿ ದಾಟಿದ್ರ ಎಲ್ಲಾ ಮೊದಲಿಂದ. ನಮ್ಮ ಮರಾಠಿ ಬೀಗರ ಕಡಿ ಇದರ ಸುದ್ದಿ ಕೇಳಿದ್ದೆ. ನಮ್ಮವರು ಮೊಬೈಲಿನ್ಯಾಗ ಬೆನ್ನಿಗಿ ಚೀಲ ಹಾಕ್ಕೊಂಡು ನಡಿಯೋ ಮಂದಿ ವಿಡಿಯೋ ನೋಡ್ತಾರ ಅಂತನೂ ಗೊತ್ತಿತ್ತು. ನೋಡೋದು ಬ್ಯಾರೆ, ಹೋಗೋದು ಬ್ಯಾರೆ!

"ಏನ್ರೀ, ತಲಿ ಸರಿ ಅದೇನು? ಕಿರಾಣಿ ಅಂಗಡಿಗಿ ಹೋಗಲಿಕ್ಕ ಗಾಡಿ ಚಾಲೂ ಮಾಡೋರು ನೀವು."

"ಅದಕ್ಕೇ ಮೊದಲು ಇಲ್ಲೇ ನಡದು ರೂಢಿ ಮಾಡ್ಕೊಳೋಣು ಅಂದೆ."

"ಮುಂದಿನ ವರ್ಷ ನೋಡೋಣ್ರಿ."

"ಈ ವರ್ಷನೇ."

ಅವರು ಹಟದ ಮನುಷ್ಯಾರಲ್ಲ. ಇಷ್ಟು ವರ್ಷದ ಸಂಸಾರದಾಗ ಒಂದು ಅಂಗಿ ಬಣ್ಣಕ್ಕ ಸೈತ ಇದೇ ಬೇಕು ಅಂದವರಲ್ಲ. ಯಾಕ ಈ ವರ್ಷನೇ ಅಂತ ನಾನು ಅವತ್ತೇ ಕೇಳಬೇಕಿತ್ತು. ಕೇಳಲಿಲ್ಲ. ಖರೆ ಹೇಳಬೇಕಂದ್ರ ನನಗ ಖುಷಿ ಆಗಿತ್ತು. ಅವರಿಗಿ ಹತ್ತು ವರ್ಷದಿಂದ ಸಕ್ಕರಿ ಬ್ಯಾನಿ ಅದ. ನಡದ್ರ ಸಕ್ಕರಿ ಇಳೀತದ ಅಂತ ಊರೆಲ್ಲಾ ಹೇಳ್ತದ, ನಾನೂ ಅದನ್ನೇ ನಂಬಿ ಹೂಂ ಅಂದೆ.

ಕಲಬುರಗಿಗಿ ಹೋಗಿ ಎರಡು ದೊಡ್ಡ ಚೀಲ, ಎರಡು ಜೋಡು ಬೂಟು ತಂದ್ವಿ. ಚೀಲಕ್ಕ ಎರಡು ಖಾನಿ, ಮ್ಯಾಲೊಂದು ಕೆಳಗೊಂದು. ಅಷ್ಟು ದಿನದ ಸಾಮಾನು ಹೊರಬೇಕಂದ್ರ ಭಾರದ ರೂಢಿ ಆಗಬೇಕು. ಮೊದಲು ಚಾದರ ತುಂಬಿದೆ, ಚೀಲ ಉಬ್ಬಿತು, ತೂಕ ಬರಲಿಲ್ಲ. ಜ್ವಾಳ ತುಂಬಿದೆ, ಒಂದು ಮಳಿಗಿ ಸಿಕ್ಕು ಮೂರು ದಿನಕ್ಕ ಮೊಳಕಿ ಒಡದ್ವು. ಆಗ ನನ್ನ ಶಾಣ್ಯಾತನ ಕೆಲಸ ಮಾಡ್ತು. ಶಹಾಬಾದದಾಗ ನನ್ನ ಹಳೇ ವಿದ್ಯಾರ್ಥಿ ಒಬ್ಬಂದು ಕಲ್ಲು ಪಾಲಿಶ್ ಮಾಡೋ ಕಾರ್ಖಾನಿ ಅದ. ಹೋಗಿ, ಕೊಯ್ದು ಉಳದ ಫರಸಿ ಕಲ್ಲಿನ ತುಂಡು ಕೊಡಪಾ ಅಂದೆ.

"ಯಾ ಖೋಲಿಗಿ ಹಾಸ್ತೀರಿ ಟೀಚರ್?" ಅಂದ.

"ಖೋಲಿಗಲ್ಲ, ಬೆನ್ನಿಗಿ."

ಅಂವ ನಗೋದು ನೋಡಿ ಕೊಯ್ಯೋ ಮಷೀನಿನವರೂ ಕೆಲಸ ನಿಲ್ಲಿಸಿದ್ರು. "ಮಂದಿ ಕಲ್ಲಿನ ಮ್ಯಾಲ ನಡೀತಾರ್ರಿ. ನೀವು ಕಲ್ಲು ಹೊತ್ಕೊಂಡು ನಡೀತೀರಿ," ಅಂದ. ನಗಲಿ ಬಿಡು ಅಂದೆ. ನಮ್ಮ ಮನ್ಯಾಗ ನೆಲ ಫರಸಿ, ಕಟ್ಟಿ ಫರಸಿ, ಒಲಿ ಇಡೋದು ಫರಸಿ ಮ್ಯಾಲ. ಬೆನ್ನೊಂದು ಬಾಕಿ ಇತ್ತು. ತುಂಡುಗಳನ್ನ ಹಳೇ ಸೀರಿ ಹರದು ಸುತ್ತಿ, ತೂಕ ಮಾಡಿ, ಇಬ್ಬರ ಚೀಲದ ಕೆಳಗಿನ ಖಾನ್ಯಾಗ ಜೋಡಿಸಿದೆ. ಆ ಕಲ್ಲು ಪದರು ಪದರಾಗಿ ಏಳ್ತದ, ಅಂಚು ಬ್ಲೇಡಿನಂಗ ಇರ್ತದ. ಅದು ಹುಟ್ಟಿದಾಗಿನಿಂದ ಗೊತ್ತಿದ್ದ ಮಾತು. ಗೊತ್ತಿದ್ದೇ ಜೋಡಿಸಿದೆ.

ಮೊದಲ ನಡಿಗಿ ಸೇಡಂದಿಂದ ಕುರಕುಂಟಾಕ್ಕ. ಶ್ರಾವಣದ ಮೋಡ ಇತ್ತು, ಬಿಸಲಿಲ್ಲ. ಆದ್ರ ಮಂದಿ ನಡೀಲಿಕ್ಕ ಬಿಡಬೇಕಲ್ಲ! ಪ್ರತಿಯೊಂದು ಗಾಡಿ ನಿಲ್ತದ. "ಗಾಡಿ ಕೆಟ್ಟದೇನ್ರಿ ಟೀಚರ್?" "ಬಸ್ಸು ತಪ್ಪಿತೇನ್ರಿ?" "ಬರ್ರಿ, ಹಿಂದ ಕುಂದ್ರಿ." ಬ್ಯಾಡ್ರಿ, ನಾವು ನಡೀಲಿಕ್ಕೇ ಬಂದೀವಿ ಅಂದ್ರ ಗಂಡ ಹೆಂಡ್ತಿ ಜಗಳಾಡ್ಯಾರ ಅಂತ ಕಣ್ಣಿಲೇ ಲೆಕ್ಕ ಹಾಕ್ತಿದ್ರು. ಕುರಕುಂಟಾ ಮುಟ್ಟೋದ್ರೊಳಗ ನನ್ನ ಹೆಗಲು ಕಿತ್ತು ಬಂದಿದ್ವು, ಅಂಗಾಲಾಗ ಗುಳ್ಳಿ ಎದ್ದು ಒಡದಿದ್ವು. ಅವರ ಕಾಲಾಗೂ ಗುಳ್ಳಿ ಇದ್ವು, ನನಗಿಂತ ದೊಡ್ಡವು. ಉರೀತದೇನ್ರಿ ಅಂದೆ. ನಡೀತದ ಅಂದ್ರು. ಬಸ್ಸಿನ್ಯಾಗ ನಾನು ಹಾ ಹೂ ಅನ್ಕೋತ ಬಂದೆ, ಅವರು ಕಿಡಕ್ಯಾಗ ನೋಡ್ಕೋತ ಬಂದ್ರು. ನನಗ ಹೊಟ್ಟಿಕಿಚ್ಚು ಆಯ್ತು, ಸುಳ್ಳ್ಯಾಕ ಹೇಳಲಿ.

ಎರಡ್ನೇದು ಶಹಾಬಾದದಿಂದ ವಾಡಿಗಿ. ಲಾರಿ ಧೂಳು ನುಂಗಿ ವಾಡಿ ಸ್ಟೇಷನ್ ಮುಟ್ಟಿದ್ವಿ, ಅಲ್ಲಿಂದ ರೈಲಿಗಿ ಮನಿಗಿ ಬರೋದಿತ್ತು. ಅವರು ಬೂಟು ತಗದು ಚಪ್ಪಲಿ ಹಾಕ್ಕೊಂಡಿದ್ರು. ಪ್ಲಾಟ್‌ಫಾರ್ಮ್ ದಾಟೋ ಪುಲ್ ಮ್ಯಾಲ ಹಿಂದಿನಿಂದ ಒಬ್ಬಾಕಿ ಒದರಿದಳು: "ಕಾಕಾ, ನಿಮ್ಮ ಚಪ್ಪಲ್ ಇಲ್ಲೇ ಉಳಿತಲ್ರಿ!" ತಿರುಗಿ ನೋಡಿದ್ರ ಒಂದು ಚಪ್ಪಲಿ ಹತ್ತು ಮಾರು ಹಿಂದ ಬಿದ್ದದ, ಇವರು ಒಂದು ಕಾಲು ಬರಿಗಾಲಿಲೇ ನಡದಾರ. ನಾನು ಹೊಟ್ಟಿ ಹಿಡ್ಕೊಂಡು ನಕ್ಕೆ. "ಧ್ಯಾನೆಲ್ಲಾ ನರ್ಮದಾದಾಗ ಹೋಗ್ಯದ ನೋಡು ಇವರದು," ಅಂತ ಆ ಹೆಣ್ಮಗಳಿಗಿ ಹೇಳಿ ನಕ್ಕೆ. ಅವರೂ ನಕ್ರು, ಜರಾ ತಡ ಮಾಡಿ.

ಮೂರನೇ ಸಲ ಚಿತ್ತಾಪುರದಾಗ ನಮ್ಮ ಅಕ್ಕನ ಮನಿಗಿ. ಹೊರಗಿಂದ ಬಂದವರಿಗಿ ಮೊದಲು ಕಾಲಿಗಿ ನೀರು ಕೊಡೋದು ನಮ್ಮ ಪದ್ಧತಿ. ದಣದು ಬರ್ತಾರ ಅಂತ ಅಕ್ಕ ನೀರು ಕಾಯಿಸಿ ಇಟ್ಟಿದ್ದಳು. ನಮ್ಮವರು ಬಚ್ಚಲ ಕಟ್ಟಿ ಮ್ಯಾಲ ನಿಂತು ಒಂದು ತಂಬಿಗಿ, ಎರಡು ತಂಬಿಗಿ ಹಾಕ್ಕೊಂಡ್ರು. "ಅಯ್ಯ, ತಣ್ಣೀರು ಬೆರಸೋದು ಮರತೆ, ಭಾಳ ಬಿಸಿ ಅವ ಏನ್ರಿ?" ಅಂತ ಅಕ್ಕ ಒಳಗಿಂದ ಕೇಳಿದಳು. "ನಡೀತದ, ನಡೀತದ," ಅಂದ್ರು. ಅವರ ಹಿಂದ ನಾನು ಬೆರಳು ಅದ್ದಿ ಚಿಟ್ಟನೆ ಚೀರಿದೆ. ಅವರ ಪಾದ ಕೆಂಪಗ ಆಗಿದ್ವು. "ನಿನ್ನ ಗಂಡ ತಪಸ್ವಿ ಆಗಲಿಕತ್ತಾನ, ಜ್ವಾಕಿ," ಅಂದಳು ಅಕ್ಕ. ಆವತ್ತೂ ನಕ್ವಿ. ಗುಳ್ಳಿ, ಚಪ್ಪಲಿ, ಬಿಸಿನೀರು, ಮೂರೂ ನನ್ನ ಕಣ್ಣ ಮುಂದೇ ಇದ್ವು. ಕೂಡಿಸಲಿಕ್ಕ ಬರಲಿಲ್ಲ ಈ ಗಣಿತದ ಟೀಚರಿಗಿ.

ಕಡೀದು ಚಿಂಚೋಳಿ ಅಡವಿ ಕಡಿ. ಅದು ಆದ್ರ ನಾವು ತಯಾರು ಅಂತ ಮಾತಾಗಿತ್ತು. ಬಸ್ಸಿಗಿ ಚಿಮ್ಮನಚೋಡ ತನಕ ಹೋಗಿ, ಅಲ್ಲಿಂದ ಮುಂಜಾನೆ ನಡೀಲಿಕ್ಕ ಶುರು ಮಾಡಿದ್ವಿ. ಈ ಸಲ ಖರೆ ಯಾತ್ರಿಯಂಗೇ ಎಲ್ಲಾ ಸಾಮಾನು ತಗೊಂಡಿದ್ವಿ. ಅವರ ಚೀಲದ ಮ್ಯಾಲಿನ ಖಾನ್ಯಾಗ ಮಡಿ ಪಂಚೆ, ಪಂಚಪಾತ್ರೆ, ಅವಲಕ್ಕಿ ಡಬ್ಬಿ. ಕೆಳಗ ಕಲ್ಲು. ದಾರ್ಯಾಗ ಒಂದು ಹಳ್ಳ ತುಂಬಿ ಹರೀಲಿಕತ್ತಿತ್ತು, ಮೊಳಕಾಲುದ್ದ ನೀರು. ನನ್ನ ಬೂಟಿನ ದಾರ ಕಟ್ಟಿ ಕೊಳ್ಳಾಗ ಹಾಕ್ಕೊಂಡೆ. ಅವರಿಗಿ ಒಂದು ಕೈಯಾಗ ಕೋಲು, ಒಂದು ಕೈ ನನಗ ಹಿಡೀಲಿಕ್ಕ ಬೇಕು. ಅವರ ಬೂಟಿಗಿ ದಾರ ಇಲ್ಲ, ಪಟ್ಟಿ; ಎಲ್ಲಿಡೋದು? ಮ್ಯಾಲಿನ ಖಾನ್ಯಾಗ ದೇವರ ಸಾಮಾನಿನ ಜೋಡಿ ಬೂಟು ಹ್ಯಾಂಗ ಇಡಬೇಕು? ಮೈಲಿಗಿ ಆಗ್ತದ. ಕಲ್ಲಿಗೆಂಥಾ ಮಡಿ ಮೈಲಿಗಿ ಅಂತ ಕೆಳಗ ತುರುಕಿದೆ. ನನ್ನ ಕೈಯಾರೆ ತುರುಕಿದೆ.

ಆಚಿ ದಂಡಿಗಿ ಅವರು ಬೂಟು ಹಾಕ್ಕೊಂಡು ಮುಂದ ಹೊಂಟ್ರು, ನಾನು ಹಿಂದ. ನನ್ನ ಬೂಟಿನ್ಯಾಗ ಎಲ್ಲಿಂದೋ ಒಂದು ಉಸುಕಿನ ಕಾಳು ಸೇರಿತ್ತು, ಅದೊಂದಕ್ಕ ಎರಡು ಸಲ ಕುಂತು ಝಾಡಿಸಿದೆ. ಅವರು ನಿಲ್ಲಲೇ ಇಲ್ಲ. ಹ್ಯಾಂಗದ್ರಿ ಅಂತ ಹಿಂದಿನಿಂದ ಕೂಗ್ತಿದ್ದೆ. ನಡೀತದ ಅಂತ ಮುಂದಿನಿಂದ ಉತ್ತರ ಬರ್ತಿತ್ತು. ಮಧ್ಯಾಹ್ನ ಒಂದು ಗಿಡದ ಕೆಳಗ ಅವಲಕ್ಕಿ ತಿನ್ನಲಿಕ್ಕ ಕುಂತ್ವಿ. ಅವರು ಬೂಟು ತಗದ್ರು. ಬಲಗಾಲಿನ ಕಾಲುಚೀಲ ಪೂರಾ ಕೆಂಪು. ಆ ಕಡಿ ಮಣ್ಣೆಲ್ಲಾ ಕೆಂಪು, ಕೆಸರು ಹತ್ಯದ ಅಂತ ನಾನೇ ಹಿಡದು ಎಳದೆ. ಕಾಲುಚೀಲ ಬರಲಿಲ್ಲ. ಅಂಗಾಲಿಗಿ ಅಂಟಿತ್ತು. ಜೋರಿಲೆ ಎಳದಾಗ ಅದರ ಜೋಡಿ ಎರಡು ಬೆರಳಿನಷ್ಟು ಅಗಲದ ಫರಸಿ ಚೂರು ಬಂತು. ಹಿಂದ ರಕ್ತ ಸುರೀತು.

ಅವರು ತಮ್ಮ ಕಾಲನ್ನ ಮಂದಿ ಕಾಲು ನೋಡಿದಂಗ ನೋಡಿದ್ರು. "ಇದು ಯಾವಾಗ ಆಯ್ತು?" ಅಂತ ನನಗ ಕೇಳಿದ್ರು.

"ನನಗೇನು ಕೇಳ್ತೀರಿ! ಕಾಲು ಯಾರದು? ನೋಯಲಿಲ್ಲೇನು ನಿಮಗ?"

ನಾನು ಪಂಚೆ ಹರದು ಕಟ್ಟಲಿಕತ್ತಿದ್ದೆ, ಮಡಿ ಪಂಚೆ.

"ಪಾದ ಗೊತ್ತಾಗಂಗಿಲ್ಲ," ಅಂದ್ರು. "ಎರಡು ವರ್ಷ ಆಯ್ತು. ಮೊದಲು ಬೆರಳು ಹೋದ್ವು. ಆಮ್ಯಾಲ ಅಂಗಾಲು. ಈಗೀಗ ನೆಲ ಅದನೋ ಇಲ್ಲೋ, ನೋಡಿದ್ರೇ ಖಾತ್ರಿ."

"ಯಾಕ ಹೇಳಲಿಲ್ರಿ?"

"ಹೇಳಿದ್ರ ನೀ ಮನಿ ಹೊಸ್ತಿಲು ದಾಟಿಸ್ತಿದ್ದಿಲ್ಲ. ಪೂರಾ ಹೋಗೋದ್ರೊಳಗ ಒಮ್ಮೆ ನಿನ್ನ ಜೋಡಿ ಮನಸಾರೆ ನಡದು ಬಿಡೋಣು ಅಂತ ಇತ್ತು ನನಗ. ಇಷ್ಟು ವರ್ಷ ನೀ ಸಾಲಿಗಿ, ನಾ ಕಚೇರಿಗಿ. ಒಂದೇ ದಾರಿಗಿ ಎಲ್ಲಿ ನಡದೀವಿ?"

ಬಯ್ಯೋದೊಂದೇ ಬರ್ತದ ಅಂತ ಹೆಸರಾದಾಕಿ ನಾನು, ಬಯ್ಯೋದು ಬಿಟ್ಟು ಚೀಲ ತಗದೆ. ಕಲ್ಲಿಗಿ ಸುತ್ತಿದ ಸೀರಿ ಅಂಚಿಗಿ ತಿಕ್ಕಿ ಹರದಿತ್ತು. ಆ ಫರಸಿ ತುಂಡು ಒಂದೊಂದೇ ಎತ್ತಿ ಕಂಟ್ಯಾಗ ಒಗದೆ. ತಮ್ಮ ಕಾಲ ಮ್ಯಾಲ ತಾವೇ ಕಲ್ಲು ಹಾಕ್ಕೊಳ್ತಾರ ಅಂತ ಹಿರ್ಯಾರು ಹೇಳ್ತಿದ್ರು. ನಾನು ತೂಕ ಮಾಡಿ, ಸೀರಿ ಸುತ್ತಿ, ಗಂಡನ ಕಾಲಿಗಿ ಹಾಕಿದ್ದೆ. ಚೀಲ ಹಗುರಾಯ್ತು. ಆದ್ರೇನು, ಅವರನ್ನ ಎಬ್ಬಿಸಿ ನಡಸಂಗಿಲ್ಲ, ಬಿಟ್ಟು ಹೋಗಂಗಿಲ್ಲ. ಮೊಬೈಲ್ ಎತ್ತಿ ಹಿಡದು ನಾಕೂ ದಿಕ್ಕಿಗಿ ತಿರುಗಿದೆ, ರೇಂಜ್ ಇಲ್ಲ. ಕಟ್ಟಿದ ಅರಿವಿ ಮತ್ತ ಕೆಂಪಾಯ್ತು. ನಾನು ಅಳ್ಕೋತ ಕುಂತೆ. ಅವರು ಅವಲಕ್ಕಿ ಡಬ್ಬಿ ಮುಚ್ಚಳ ತಗದು, "ತಿನ್ನು, ಬರ್ತಾರ ಯಾರರ," ಅಂತ ನನ್ನ ಮುಂದಿಟ್ರು.

ಬಿಸಲು ಇಳಿಯೋ ಹೊತ್ತಿಗಿ ಒಂದು ಟ್ರ್ಯಾಕ್ಟರ್ ಬಂತು. ಹೊಡೆಯೋ ಅಣ್ಣ ಇಳದು, "ಯಾವೂರ್ರಿ ಅಕ್ಕಾ, ಏನಾಗ್ಯದ ಅಣ್ಣಾವ್ರಿಗಿ?" ಅಂತ ಕೇಳಿ, ತಾನೇ ಅವರನ್ನ ಎತ್ತಿ ಟ್ರಾಲಿ ಮ್ಯಾಲ ಕುಂದರಿಸಿದ. ಚಿಂಚೋಳ್ಯಾಗ ಕಟ್ಟು ಕಟ್ಟಿಸಿದ್ವಿ, ಮರುದಿನ ಸೇಡಂದಾಗ ನಮ್ಮ ಡಾಕ್ಟರಿಗಿ ತೋರಿಸಿದ್ವಿ.

ಡಾಕ್ಟರ್ ಇವರಿಗಿ ಕಣ್ಣು ಮುಚ್ಚಿಸಿ, ಹತ್ತಿ ಎಳಿಲೆ ಪಾದ ಮುಟ್ಟಿ, "ಈಗ? ಈಗ?" ಅಂತ ಕೇಳ್ಕೋತ ಹೋದ್ರು. ಇವರ ಬಾಯಿಂದ ಮಾತೇ ಇಲ್ಲ. ಪಾದದ ಗಂಟಿನ ಹತ್ರ ಬಂದಾಗ ಒಮ್ಮೆ ಹೂಂ ಅಂದ್ರು.

"ಗಾಯ ನಿಧಾನಕ್ಕ ಮಾಯ್ತದ ಅಮ್ಮಾ," ಅಂದ್ರು ಡಾಕ್ಟರ್ ನನಗ. "ಸಕ್ಕರಿ ಬ್ಯಾನ್ಯಾಗ ಹೋದ ಅರಿವು ತಿರುಗಿ ಬರೋದು ಕಷ್ಟ. ಇದ್ದಷ್ಟು ಉಳಿಸ್ಕೋಬೇಕು. ಇನ್ನ ಮ್ಯಾಲ ಈ ಕಾಲಿನ ಸುದ್ದಿ ಕಾಲು ಹೇಳಂಗಿಲ್ಲ, ದಿನಾ ನೀವೇ ನೋಡಬೇಕು. ಮನಿ ಒಳಗೂ ಚಪ್ಪಲಿ ಹಾಕ್ಕೊಂಡೇ ಇರಬೇಕು."

ಪರಿಕ್ರಮದ ಮಾತು ಇವರೇ ತಗದ್ರು. ಡಾಕ್ಟರ್ ನನ್ನ ಮಾರಿ ನೋಡಿದ್ರು. ನಾನು ನೆಲದ ಫರಸಿ ನೋಡಿದೆ.

ದೀಪಾವಳಿ ಬಂದು ಹೋಯ್ತು. ಚೀಲ ಎರಡೂ ಗೂಟಕ್ಕ ತೂಗ್ತಾವ. ನಮ್ಮ ಮನ್ಯಾಗ ಹಿರ್ಯಾರ ಕಾಲದಿಂದ ಒಳಗ ಚಪ್ಪಲಿ ಮೆಟ್ಟಿದವರಿಲ್ಲ. ಈಗ ನಡುಮನ್ಯಾಗ ಟಪ್ ಟಪ್ ಅಂತ ಸಪ್ಪಳ ಕೇಳ್ತದ. ಆ ಸಪ್ಪಳ ನಿಂತ್ರ ಚಪ್ಪಲಿ ಕಳಚಿ ಬಿತ್ತೇನು ಅಂತ ಓಡಿ ಹೋಗಿ ನೋಡ್ತೀನಿ. ಒಂದೊಂದು ದಿನ ಸಿಟ್ಟಿಲೆ ಕಿರುಚ್ತೀನಿ ಸೈತ. ಅವರು ತಪ್ಪು ಮಾಡಿದ ಹುಡುಗರಂಗ ನಿಲ್ತಾರ. ಕಿವಿ ಹಿಂಡಿದ್ರ ಸರಿ ಹೋಗೋ ತಪ್ಪು ಇದಲ್ಲ.

ದಿನಾ ಮುಂಜಾನೆ ಕಿಡಕಿ ಬೆಳಕಿನ್ಯಾಗ ಅವರ ಕಾಲು ನನ್ನ ತೊಡಿ ಮ್ಯಾಲ ಇಟ್ಕೊಂಡು ಬೆರಳ ಸಂದಿ ಸಂದಿ ನೋಡ್ತೀನಿ. ಆಮ್ಯಾಲ ಕಣ್ಣು ಮುಚ್ಚಿಸಿ ಹತ್ತಿ ಎಳಿಲೆ ಮುಟ್ತೀನಿ. ಡಾಕ್ಟರ್ ಹೇಳಿದ್ದಲ್ಲ, ನನ್ನ ಮನಸ್ಸು ಕೇಳಂಗಿಲ್ಲ ಅಂತ ಮಾಡೋದು. ಯಾವಾಗರ ಒಂದು ಬೆರಳು ತಿರುಗಿ ಬಂದೀತು ಅಂತ.

ನಾವು ಹೊರಡಬೇಕು ಅಂತ ಗೊತ್ತು ಮಾಡಿದ್ದ ದಿನ ಬಂತು. ಇಬ್ಬರೂ ಅದರ ಮಾತು ಎತ್ತಲಿಲ್ಲ. ಎಂದಿನಂಗ ಅವರು ಕಾಲು ಚಾಚಿ ಕಣ್ಣು ಮುಚ್ಚಿದ್ರು. ನಾನಿನ್ನೂ ಹತ್ತಿ ಹಿಂಜಲಿಕತ್ತಿದ್ದೆ, ಕಾಲು ಮುಟ್ಟಿದ್ದಿಲ್ಲ.

"ಗೊತ್ತಾಯ್ತು," ಅಂದ್ರು. "ಹೆಬ್ಬೆರಳು."

ನಾನು ಹಿಂಜೋದು ನಿಲ್ಲಿಸಿದೆ.

"ಈಗ ಹಿಮ್ಮಡ. ಗೊತ್ತಾಗ್ಲಿಕತ್ತದ ನೋಡು, ಭಾಳ ಛಲೋ ಗೊತ್ತಾಗ್ಲಿಕತ್ತದ." ಮಾರಿ ತುಂಬ ನಗಿ ಇತ್ತು. ಕಣ್ಣು ಮುಚ್ಚೇ ಇತ್ತು. "ಹ್ಯಾಂಗದ? ಮುಂದಿನ ವರ್ಷರ ಹೋಗೋ ಹಂಗ ಅದ ಇಲ್ಲ?"

ಹತ್ತಿ ನನ್ನ ಮುಷ್ಟ್ಯಾಗೇ ಇತ್ತು.

"ನಡೀತದ್ರಿ," ಅಂದೆ.