ಲಾಭ, ಎರಡು, ಮೂರು

ಮೊನ್ನೆ ಪುಣೆ ಹತ್ತಿರದ ನಿಗಡಿಯಲ್ಲಿ ಮೊಮ್ಮಗಳ ಶಾಲೆಗೆ ಹೋಗಿದ್ದೆ. ಮಕ್ಕಳು ಹಸಿ ಮರಳನ್ನು ಡಬ್ಬಿಗಳಿಗೆ ತುಂಬಿ ಅಳೆಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಬಾಯಿಯವರು ನೆನಪಾದರು. ಪುಣೆಯಲ್ಲಿ ಶಿಕ್ಷಕಿಯರನ್ನು ಬಾಯಿ ಎಂದೇ ಕರೆಯುವುದು. ಸಂತೋಷಕ್ಕೆ ಅಲ್ಲಿಯೇ ಕಣ್ಣೀರು ಬಂತು. ಮೊಮ್ಮಗಳು "ಅಜ್ಜಿ, ಎಲ್ಲಾರೂ ನೋಡ್ಲಿಕ್ಕತ್ತಾರ" ಎಂದು ಸೆರಗು ಜಗ್ಗಿದಳು.

ಆಗ ಬ್ರಿಟಿಷರ ಕಾಲ. ಅಪ್ಪ ಧಾರವಾಡದ ಕಡೆಯಿಂದ ಬಂದು ಭವಾನಿ ಪೇಟೆಯ ಕಾಳಿನ ಅಂಗಡಿಯೊಂದರಲ್ಲಿ ಅಳತೆಗೆ ನಿಂತಿದ್ದ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ. ಎಲ್ಲರೂ ಮಗ್ಗಿ ಹಾಡುವಾಗ ನಾನು ಬರೀ ತುಟಿ ಆಡಿಸುತ್ತಿದ್ದೆ. ಎರಡನೇ ಇಯತ್ತೆಯಲ್ಲಿ, ಅಂದರೆ ಎರಡನೇ ತರಗತಿಯಲ್ಲಿ, ನಪಾಸಾದೆ. ಅಪ್ಪ ಕಡ್ಡಿ ಮುರಿದಂತೆ ಹೇಳಿದ: "ಮತ್ತ ನಪಾಸಾದ್ರ ಶಾಲಿ ಬಂದ್. ಮನ್ಯಾಗ ಕುಂತು ರೊಟ್ಟಿ ಬಡೀಲಿ."

ಆ ವರ್ಷ ಹೊಸ ಬಾಯಿಯವರು ಬಂದರು. ಬೋಳು ತಲೆಯ ಮೇಲೆ ಕೆಂಪು ಸೆರಗು ಹೊದ್ದ ವಿಧವೆ. ವಯಸ್ಸು ಮೂವತ್ತೂ ಇರಲಿಕ್ಕಿಲ್ಲ. ಹುಣಸೆ ಬೀಜ ಹಂಚಿಸಿ ಭಾಗಾಕಾರ ಕಲಿಸಿದರು. ಅಂಗಳದಲ್ಲಿ ಕೋಲು ನೆಟ್ಟು ನೆರಳು ಅಳೆಯಿಸಿದರು. ಏನೇ ಆಗಲಿ, "ಮೊದಲ ಅಂದಾಜು ಹೇಳ್ರಿ, ಆಮ್ಯಾಲೆ ಅಳೀರಿ" ಎನ್ನುತ್ತಿದ್ದರು. ಅವರ ಮರಾಠಿಯನ್ನು ನಮ್ಮ ಮಾತಿನಲ್ಲಿ ಬರೆಯುತ್ತಿದ್ದೇನೆ, ಹಾಗೆಯೇ ನೆನಪುಳಿದಿದೆ...

ಪರೀಕ್ಷೆಗೆ ಪಗಡಿಯ ಇನ್ಸ್‌ಪೆಕ್ಟರ್ ಸಾಹೇಬರು ಬಂದರು. ಮಗ್ಗಿ ಕೇಳಿದರು. ನಾನು ಎಂದಿನಂತೆ ಬರೀ ತುಟಿ ಆಡಿಸಿದೆ. ನಪಾಸು ಎಂದು ಬರೆಯಲು ಅವರು ಪೆನ್ಸಿಲ್ ಎತ್ತಿದ್ದೇ ಬಾಯಿಯವರು ಮುಂದೆ ಬಂದರು. "ಸಾಹೇಬ್ರ, ಆಕಿಗೆ ಹಾಡ್ಲಿಕ್ಕೆ ಬರೂದಿಲ್ಲ, ಲೆಕ್ಕ ಬರ್ತದ." ನನ್ನ ಮುಂದೆ ಒಂದು ನೀಳ ತಂಬಿಗೆ, ಒಂದು ಕುಳ್ಳ ಬೋಗುಣಿ, ತೆಂಗಿನ ಕರಟ, ಹಸಿ ಮರಳು ಇಟ್ಟು, ಯಾವುದರಲ್ಲಿ ಹೆಚ್ಚು ಹಿಡಿಯುತ್ತದೆ ಎಂದು ಕೇಳಿದರು.

"ಇದರಾಗ ಅಳಿಯೂದೇನದ? ಕಣ್ಣಿಗೇ ಕಾಣ್ತದ, ತಂಬಿಗಿ" ಎಂದರು ಸಾಹೇಬರು.

ಮೊದಲ ಕರಟ ಸುರಿದೆ. ನಾಲಿಗೆ ತಾನಾಗಿ "ಲಾಭ" ಎಂದಿತು. ಕಾಳು ಅಳೆಯುವವರು ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಅಪ್ಪನನ್ನು ನೋಡಿ ಕಲಿತದ್ದು. ಇಡೀ ತರಗತಿ ಗೊಳ್ಳೆಂದಿತು.

"ಇದು ಶಾಲಿಯೋ, ಕಾಳಿನ ಅಡತಿ ಅಂಗಡಿಯೋ?" ಎಂದರು ಸಾಹೇಬರು.

ನನಗೆ ಎಣಿಕೆ ತಪ್ಪಿತು. ಮುಗಿಯಿತು, ಇನ್ನು ರೊಟ್ಟಿಯೇ ಗತಿ ಅಂದುಕೊಂಡೆ.

"ಚೆಲ್ಲು. ಮೊದಲಿಂದ ಅಳಿ" ಎಂದರು ಬಾಯಿಯವರು.

ಚೆಲ್ಲಿದೆ. ಮತ್ತೆ ಕರಟ ಎತ್ತಿದೆ, ಮತ್ತೆ "ಲಾಭ"! ಏನು ಮಾಡಲಿ, ಅಳತೆ ಹಿಡಿದ ಮೇಲೆ ಒಂದು ಎನ್ನಲು ಬರಲೇ ಇಲ್ಲ. ಈ ಸಲ ಯಾರಾದರೂ ನಗುವ ಮೊದಲೇ ಬಾಯಿಯವರು ನನ್ನ ಜೊತೆ ಗಟ್ಟಿಯಾಗಿ ಎಣಿಸತೊಡಗಿದರು. ಎರಡು... ಮೂರು... ತಂಬಿಗೆಗೆ ಎಂಟು. ಬೋಗುಣಿಗೂ ಇಬ್ಬರೂ ಲಾಭದಿಂದಲೇ ಎಣಿಕೆ ಶುರು ಮಾಡಿದೆವು. ಹನ್ನೊಂದು!

"ಬೋಗುಣಿಗೆ ಮೂರು ಹೆಚ್ಚರಿ" ಎಂದೆ. ಯಾರೂ ಕೇಳದೆಯೇ, ಗಟ್ಟಿಯಾಗಿಯೇ ಹೇಳಿದ್ದೆ.

ಸಾಹೇಬರು ಪಗಡಿ ಸರಿಸಿ ತಲೆ ಕೆರೆದುಕೊಂಡರು. "ನಾನ ನಪಾಸಾದೆನಲ್ಲ, ಬಾಯಿ!"

ಸಂಜೆ ಬಾಯಿಯವರೇ ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದರು. ಅಪ್ಪ ಗಂಭೀರವಾಗಿ ಕೇಳಿಸಿಕೊಂಡು, "ನಗೂದೇನದರಿ ಅದರಾಗ? ಅಳಿಯೂ ಮುಂದ ಲಾಭ ಅನ್ನದ ಮತ್ತೇನನಬೇಕ್ರಿ?" ಎಂದ. ಶಾಲೆ ಬಂದ್ ಮಾಡುವ ಮಾತು ಮತ್ತೆ ಎತ್ತಲಿಲ್ಲ. ಅವತ್ತು ನಾನು ಎರಡು ರೊಟ್ಟಿ ಹೆಚ್ಚು ತಿಂದೆ.

ನಾಲ್ಕನೇ ಇಯತ್ತೆ ಮುಗಿದ ಮೇಲೆ ಮದುವೆಯಾಯಿತು. ನನ್ನ ಓದು ಅಷ್ಟೇ. ಬಾಯಿಯವರು ತಳೇಗಾಂವ ದಾಭಾಡೆಯಲ್ಲಿ ಅಣ್ಣನ ಮನೆಯಲ್ಲಿದ್ದಾರೆಂದು ಕೇಳಿ, ಮೊದಲ ಮಗಳನ್ನು ಸೊಂಟದ ಮೇಲೆ ಹೊತ್ತು ಹೋಗಿದ್ದೆ. ತೀರಿಕೊಂಡು ಎಂಟು ತಿಂಗಳಾಗಿತ್ತು... ಅವರ ಅತ್ತಿಗೆ ನೀರು ಕೊಟ್ಟರು. ಕುಡಿದು ಬಂದೆ.

ಮೊನ್ನೆ ಮೊಮ್ಮಗಳ ಶಾಲೆಯ ಬಾಯಿಯವರ ಎರಡೂ ಕೈ ಹಿಡಿದುಕೊಂಡು, "ಭಾಳ ಉಪಕಾರ ಆತ್ರಿ ನಿಮ್ಮಿಂದ" ಎಂದುಬಿಟ್ಟೆ, ಕನ್ನಡದಲ್ಲೇ. ಪಾಪ, ಆ ಹುಡುಗಿಗೆ ಒಂದೂ ತಿಳಿಯಲಿಲ್ಲ. ಏನಾಯಿತು ಆಜಿ ಎಂದು ಮರಾಠಿಯಲ್ಲಿ ಕೇಳಿದಳು. ಏನಂತ ಹೇಳಲಿ? ಆ ಮಾತು ಅವಳಿಗೆ ಹೇಳಿದ್ದಲ್ಲ. ಆದರೂ ಕೈ ಬಿಡಲು ಮನಸ್ಸೇ ಬರಲಿಲ್ಲ.