ಕೊನೆಯ ಸುತ್ತು ಮುಗಿಸಬೇಕೆಂದ ಐಡೆಲ್ಲಾ

ಐಡೆಲ್ಲಾ ಹಾಸ್ಕಿನ್ಸ್ ಅವರಿಗೆ ಇದ್ದದ್ದು ಒಂದೇ ಆಸೆ. ನಮ್ಮ ಡ್ರೈ ಫೋರ್ಕ್ ಕ್ಲಬ್ಬಿನ ಅಕ್ಟೋಬರ್ ಪಂದ್ಯವನ್ನು ಒಮ್ಮೆಯಾದರೂ ಪೂರ್ತಿ ಆಡಿ ಮುಗಿಸಬೇಕು. ಗೆಲ್ಲುವ ಮಾತು ಅವರ ಬಾಯಲ್ಲಿ ಯಾವತ್ತೂ ಬರಲಿಲ್ಲ. ರೈಫಲ್, ತೋಟಾಕೋವಿ, ಪಿಸ್ತೂಲು ಮೂರನ್ನೂ ಒಂದೇ ಓಟದಲ್ಲಿ ಹೊಡೆಯುವ ಆಟದಲ್ಲಿ ಗೆಲ್ಲುವವರು ಮೊಣಕಾಲು ಗಟ್ಟಿಯಿರುವ ಹುಡುಗರು. ಐಡೆಲ್ಲಾಗೆ ಬೇಕಿದ್ದದ್ದು ಇಷ್ಟೇ: ಸಂಜೆ ಗೋಡೆಗೆ ಅಂಟಿಸುವ ಫಲಿತಾಂಶದಲ್ಲಿ ಅವರ ಹೆಸರಿನ ಮುಂದಿನ ಎಲ್ಲ ಮನೆಗಳೂ ತುಂಬಿರಬೇಕು. ಪ್ರತಿ ವರ್ಷವೂ ಕೊನೆಯ ಮನೆ ಖಾಲಿ ಇರುತ್ತಿತ್ತು.

ಕಾರಣ ಊರಿಗೆಲ್ಲ ಗೊತ್ತಿತ್ತು, ಯಾರೂ ಅದನ್ನು ಕಾರಣವೆಂದುಕೊಂಡಿರಲಿಲ್ಲ ಅಷ್ಟೆ. ಕೊನೆಯ ಸುತ್ತು ಬರುವುದು ಊಟದ ಹೊತ್ತಿಗೆ. ಅಷ್ಟರಲ್ಲಿ ಅಡುಗೆ ಶೆಡ್ಡಿನಲ್ಲಿ ಬೀನ್ಸ್ ಬೆಂದಿರಬೇಕು, ಕಾರ್ನ್‌ಬ್ರೆಡ್ ಒಲೆಯಿಂದ ಹೊರಗೆ ಬಂದಿರಬೇಕು, ಪೀಚ್ ಹಣ್ಣಿನ ಸಿಹಿ ಕಾಬ್ಲರ್ ಮೇಲೆ ನೊಣ ಕೂರದಂತೆ ಬಟ್ಟೆ ಮುಚ್ಚಿರಬೇಕು. ಐಡೆಲ್ಲಾ ಬಂದೂಕುಗಳನ್ನು ಚೀಲಕ್ಕೆ ಹಾಕಿ, ಗುಂಡಿನ ಸದ್ದು ತಡೆಯುವ ಕಿವಿಯ ಮುಚ್ಚಳ ತೆಗೆದು ಕುತ್ತಿಗೆಗೆ ಇಳಿಸಿ, ಏಪ್ರನ್ ಕಟ್ಟಿಕೊಳ್ಳುತ್ತಿದ್ದರು. ಗಂಡಸರು ಕೊನೆಯ ಸುತ್ತು ಹೊಡೆದು ಬಂದು, "ಏನು ಘಮ ಮಿಸ್ ಐಡೆಲ್ಲಾ, ನೀವಿಲ್ದೆ ಈ ಕ್ಲಬ್ ನಡೆಯೋದೇ ಇಲ್ಲ" ಅನ್ನುತ್ತಿದ್ದರು. ಅದು ನಿಜವಾಗಿತ್ತು. ಅದನ್ನೇ ಹೊಗಳಿಕೆಯೆಂದು ಕೊಟ್ಟು ಕೈ ತೊಳೆದುಕೊಂಡಿದ್ದರು.

ನಾನು ಅವರನ್ನು ಮೊದಲು ಕಂಡದ್ದು ಆ ಶೆಡ್ಡಿನಲ್ಲೇ. ಮದುವೆಯಾಗಿ ಈ ಕಣಿವೆಗೆ ಬಂದ ಹೊಸತು. ಗಂಡ ಆಡಲು ಹೋದ, ನನ್ನನ್ನು ಎಲೆಕೋಸು ಹೆಚ್ಚಲು ಬಿಟ್ಟ. ಐಡೆಲ್ಲಾ ಆಗ ಕೋಳಿ ಕಾರ್ಖಾನೆಯಲ್ಲಿ ಮೂಳೆ ಬಿಡಿಸುವ ಸಾಲಿನಲ್ಲಿ ನಿಂತು ನಿಂತು ನಿವೃತ್ತಿಗೆ ಹತ್ತಿರವಾಗಿದ್ದವರು. ಬೆರಳ ಗೆಣ್ಣುಗಳು ಊದಿ ಹೋಗಿದ್ದವು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಅಳಿಲು ಬೇಟೆಗೆ ಹೋಗಿ ಗುರಿ ಕಲಿತವರು. ಮದುವೆಯಾದ ಮೇಲೆ ಮೂರು ಮಕ್ಕಳು, ಹಾಸಿಗೆ ಹಿಡಿದ ಅತ್ತೆ, ಕಾರ್ಖಾನೆಯ ಪಾಳಿ. ಗಂಡ ಓರ್ವಲ್ ಈ ಆಟಕ್ಕೆ ಬಿದ್ದಾಗ ಊಟದ ಮೇಜಿನ ಮುಂದೆ ಕೂತು ಅವನ ಮ್ಯಾಗಝೀನುಗಳಿಗೆ ಗುಂಡು ತುಂಬಿಕೊಟ್ಟವರು ಇವರೇ. ಒಂದು ವರ್ಷ ತಂಡಕ್ಕೆ ಒಬ್ಬರು ಕಡಿಮೆ ಬಿದ್ದರು. "ಲೆಕ್ಕಕ್ಕೆ ನೀನೂ ನಿಂತ್ಕೊ ಐಡೀ" ಅಂದ ಓರ್ವಲ್. ಲೆಕ್ಕಕ್ಕೆ ನಿಂತವರು ಆಮೇಲೆ ಕೂರಲಿಲ್ಲ.

ಎಲೆಕೋಸು ಹೆಚ್ಚುತ್ತಾ ನಾನು ಕಿಟಕಿಯ ಕಡೆಗೇ ನೋಡುತ್ತಿದ್ದುದನ್ನು ಅವರು ಗಮನಿಸಿರಬೇಕು.

"ರೊಂಡಾ, ಆಸೆ ಇದ್ಯೇನೆ?"

"ಬಂದೂಕು ಅಂದ್ರೆ ಕೈ ನಡುಗುತ್ತೆ, ಮಿಸ್ ಐಡೆಲ್ಲಾ."

"ನಡುಗೋ ಕೈಯೇ ವಾಸಿ. ನಡುಗದ ಕೈಯವರನ್ನ ನೋಡ್ದಾಗ ನಂಗೆ ಹೆದರಿಕೆ." ಅಂದವರೇ ಮೂಲೆಯಲ್ಲಿದ್ದ ಪೊರಕೆ ತೆಗೆದು ನನ್ನ ಕೈಗೆ ಕೊಟ್ಟರು. "ಇದು ನಿನ್ನ ರೈಫಲ್. ಮುಂದಿರೋ ಗೋಡೆ ಗುಂಡು ತಡೆಯೋ ಮಣ್ಣಿನ ದಿಬ್ಬ. ಈಗ ನಿನ್ನ ಎರಡು ಭುಜದ ನೇರಕ್ಕೆ ಇನ್ನೊಂದು ಗೋಡೆ ಇದೆ ಅಂದ್ಕೊ. ಬಂದೂಕಿನ ಬಾಯಿ ಆ ಗೋಡೆ ದಾಟಿ ಹಿಂದಕ್ಕೆ ಬರಬಾರ್ದು. ಕೂದಲೆಳೆ ದಾಟಿದ್ರೂ ಪಂದ್ಯದಿಂದ ಹೊರಗೆ. ಗುಂಡು ಇರಲಿ, ಇಲ್ದೆ ಇರಲಿ. ತಿಳೀತಾ?"

"ತಿಳೀತು."

ಪೊರಕೆ ಎತ್ತಿ ಗೋಡೆಗೆ ಗುರಿಯಿಟ್ಟೆ. ಒಲೆಯ ಮುಂದೆ ಹೋಗಿ ನಿಂತಿದ್ದ ಐಡೆಲ್ಲಾ ಹಿಂದಿನಿಂದ ಕರೆದರು: "ರೊಂಡಾ, ಉಪ್ಪೆಲ್ಲಿ?"

ತಿರುಗಿದೆ. ಪೊರಕೆಯೂ ನನ್ನ ಜೊತೆಗೇ ತಿರುಗಿ ಅವರ ಹೊಟ್ಟೆಗೆ ನೇರವಾಗಿ ನಿಂತಿತು.

"ಹೋಯ್ತು," ಅಂದರು. "ನಿನ್ನ ಪಂದ್ಯ ಮುಗೀತು. ನನ್ನ ಕಥೆಯೂ ಬಹುಶಃ ಮುಗೀತಿತ್ತು." ನಕ್ಕು ಪೊರಕೆ ತೆಗೆದುಕೊಂಡರು. "ಗಂಡಸರಿಗೆ ಬೆರಳಿನ ಚಪಲ. ಗುರಿ ಹಿಡಿಯೋಕೆ ಮುಂಚೆ ಬಂದೂಕಿನ ಕುದುರೆ ಮೇಲೆ ಬೆರಳಿಡ್ತಾರೆ, ಅಲ್ಲಿ ಸಿಕ್ಕಿಬೀಳ್ತಾರೆ. ನಾವು ಸಿಕ್ಕಿಬೀಳೋದು ಇಲ್ಲಿ. ಕರೆದ ಕಡೆ ತಿರುಗ್ತೀವಿ. ಹುಟ್ಟಿದಾಗಿಂದ ಅದೇ ಅಭ್ಯಾಸ."

ಅವರಿಗೂ ಹಾಗೇ ಆಗಿತ್ತು. ಆಟ ಶುರುಮಾಡಿದ ಹೊಸತರಲ್ಲಿ, ಒಂದು ವರ್ಷ ಹಟ ಹಿಡಿದು ಊಟ ತಡವಾದರೆ ಆಗಲಿ ಎಂದು ಕೊನೆಯ ಸುತ್ತಿಗೆ ನಿಂತರಂತೆ. ತೋಟಾಕೋವಿ ಕೈಯಲ್ಲಿದೆ, ಗುರಿಗೆ ನಿಲ್ಲಿಸಿದ ಉಕ್ಕಿನ ಫಲಕಗಳಲ್ಲಿ ಎರಡು ಬಿದ್ದಿವೆ. ಶೆಡ್ಡಿನ ಬಾಗಿಲಿಂದ ಓರ್ವಲ್, "ಐಡೀ, ಪಾತ್ರೆ ಉಕ್ತಾ ಇದೆ!" ಅಂದ. ಇವರು ತಿರುಗಿದರು. ಟೈಮರ್ ಹಿಡಿದು ನಿಯಮ ನೋಡುವ ರೇಂಜ್ ಆಫೀಸರ್ "ನಿಲ್ಲಿ" ಎಂದು ಕೂಗಿದ. ಅಷ್ಟೇ.

"ಓರ್ವಲ್ ಏನಂದ್ರು?"

"ಪಾಪ, ಬೇಜಾರು ಮಾಡ್ಕೊಂಡ. ‘ನೀನು ತಿರುಗಬಾರ್ದಿತ್ತು’ ಅಂದ."

ನಮ್ಮಲ್ಲಿ ಹೊರಬಿದ್ದವರು ವಾದಿಸುವುದಿಲ್ಲ. ಹೊರಹಾಕಿದ ಆಫೀಸರ್‌ನ ಕೈ ಕುಲುಕುತ್ತಾರೆ, ಮನೆಗೆ ಹೋಗದೆ ಉಳಿದು ತಂಡದ ಜೊತೆ ಗುರಿಯ ರಟ್ಟುಗಳಿಗೆ ಬಿದ್ದ ತೂತುಗಳಿಗೆ ಕಾಗದದ ಚೂರು ಅಂಟಿಸುತ್ತಾರೆ. ಐಡೆಲ್ಲಾ ಕೈ ಕುಲುಕಿದರು. ಅಂಟಿಸುವುದಕ್ಕೆ ಮಾತ್ರ ಆಗಲಿಲ್ಲ, ಪಾತ್ರೆ ಉಕ್ಕುತ್ತಿತ್ತಲ್ಲ.

ಆ ವರ್ಷದಿಂದ ಅವರು ಮತ್ತೆ ಏಪ್ರನ್ನಿಗೇ ಮರಳಿದ್ದರು. ನಾನು ಬಂದ ಮೇಲೆ ಭಾನುವಾರದ ಅಭ್ಯಾಸಕ್ಕೆ ಇಬ್ಬರೂ ಒಟ್ಟಿಗೆ ಹೋಗತೊಡಗಿದೆವು. ನಾನು ಹೊಡೆಯುವುದನ್ನು ಕಲಿತದ್ದಕ್ಕಿಂತ ಹೆಚ್ಚಾಗಿ ನಿಲ್ಲಿಸುವುದನ್ನು ಕಲಿತೆ. ಆಫೀಸರ್ ಹೇಳುವವರೆಗೆ ಯಾವ ಬಂದೂಕಿನಲ್ಲೂ ಗುಂಡಿರಬಾರದು. ಓಟದ ನಡುವೆ ಪೀಪಾಯಿಗೆ ಇಳಿಸಿ ಹೋಗುವ ರೈಫಲ್ಲಿನ ಸೇಫ್ಟಿ ಹಾಕಿರಬೇಕು, ಬಾಯಿ ಕೆಳಗಿರಬೇಕು. "ಕೂಸನ್ನ ತೊಟ್ಟಿಲಿಗೆ ಹಾಕಿ ಹೋಗೋ ಹಾಗೆ," ಅನ್ನುತ್ತಿದ್ದರು. "ಹಾಕಿ ಹೋದ್ಮೇಲೂ ಮನಸ್ಸಿನ ಒಂದು ಕಣ್ಣು ಅಲ್ಲೇ ಇರ್ಬೇಕು." ಎರಡು ವರ್ಷದ ಹಿಂದೆ ನನ್ನನ್ನು ದೂಡಿ ರೇಂಜ್ ಆಫೀಸರ್ ಪರೀಕ್ಷೆಗೆ ಕೂರಿಸಿದವರೂ ಅವರೇ. ಪರೀಕ್ಷೆಯ ದಿನ ನನ್ನ ಮಕ್ಕಳಿಬ್ಬರಿಗೆ ಊಟ ಹಾಕಿ ಮಲಗಿಸಿದ್ದೂ ಅವರೇ. ಅದನ್ನು ಯಾವ ಪ್ರಮಾಣಪತ್ರದಲ್ಲೂ ಬರೆಯುವುದಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಕಳೆದ ಚಳಿಗಾಲದ ಸಭೆಯಲ್ಲಿ ಐಡೆಲ್ಲಾ ಎದ್ದು ನಿಂತರು. ಅಧ್ಯಕ್ಷ ಡೆಲ್ಬರ್ಟ್ ಹೊಸ ಫಲಕಗಳ ಬಣ್ಣದ ಬಗ್ಗೆ ಮಾತಾಡುತ್ತಿದ್ದ.

"ಡೆಲ್ಬರ್ಟ್, ಒಬ್ಬ ಹೊಡೆದು ಬಂದ್ಮೇಲೆ ಆ ತೂತುಗಳಿಗೆ ಅಂಟು ಹಾಕೋರು ಯಾರು?"

"ಇಡೀ ತಂಡ, ಮಿಸ್ ಐಡೆಲ್ಲಾ. ಅದೇನು ಹೊಸ ಪ್ರಶ್ನೆ? ಹಾಕದೆ ಕೂತೋನಿಗೆ ಮರ್ಯಾದೆ ಇಲ್ಲ."

"ಬಿದ್ದ ಫಲಕ ಎತ್ತಿ ನಿಲ್ಸೋರು?"

"ತಂಡವೇ."

"ಅವನು ಹೊಡೆಯೋದು ಒಂದು ನಿಮಿಷ, ಅದನ್ನ ಸರಿಮಾಡೋದು ಐದು ನಿಮಿಷ. ಯಾರೂ ಗೊಣಗಲ್ಲ. ಸರಿಯಾಗಿದೆ. ಈಗ ಹೇಳು, ತಟ್ಟೆಗೂ ರಟ್ಟಿಗೂ ಏನು ವ್ಯತ್ಯಾಸ? ಒಬ್ರು ಹೊಡೆದ ತೂತಿಗೆ ಇನ್ನೊಬ್ರು ಅಂಟು ಹಾಕ್ಬಹುದಾದ್ರೆ, ಒಬ್ರು ಉಂಡ ತಟ್ಟೆ ಇನ್ನೊಬ್ರು ತೊಳೀಬಹುದಲ್ಲ? ಅಡುಗೆ ಶೆಡ್ಡನ್ನೂ ಒಂದು ಸುತ್ತು ಅಂತ ಸೇರ್ಸಿ. ತಂಡಕ್ಕೆ ಒಂದು ಸರದಿ."

ಹಿಂದಿನ ಬೆಂಚಿನಿಂದ ಯಾರೋ, "ಅದಕ್ಕೂ ಟೈಮರ್ ಇಡ್ತೀರಾ?" ಅಂದರು.

"ಇಡ್ತೀನಿ. ಸೀದ್ರೆ ದಂಡ ಹತ್ತು ಸೆಕೆಂಡು."

ಸಭೆ ನಕ್ಕಿತು. ನಕ್ಕ ಮೇಲೆ ಬೇಡವೆನ್ನುವುದು ಕಷ್ಟ. ಹಾಗೆ ಅದು ನಿಯಮವಾಯಿತು. ಅಕ್ಟೋಬರಿನಲ್ಲಿ ಮಧ್ಯಾಹ್ನದ ಸರದಿ ಬಂದದ್ದು ಓರ್ವಲ್‌ನ ತಂಡಕ್ಕೆ. ಐಡೆಲ್ಲಾ ಇದ್ದದ್ದು ಬೇರೆ ತಂಡದಲ್ಲಿ. ಅವರ ಕೊನೆಯ ಸುತ್ತಿಗೆ ಟೈಮರ್ ಹಿಡಿದು ನಿಂತವಳು ನಾನು.

ಅವರು ಹೊಡೆಯಲು ನಿಲ್ಲುವ ಗೆರೆಯ ಬಳಿ ಬಂದರು. ಇನ್ನು ಒಂದು ನಿಮಿಷ ಅವರು ತಪ್ಪು ಮಾಡದಿದ್ದರೆ ಆ ಖಾಲಿ ಮನೆ ತುಂಬುತ್ತದೆ. ಮಾಡಿದರೆ "ನಿಲ್ಲಿ" ಎನ್ನಬೇಕಾದವಳು ನಾನೇ. ಅನ್ನದೆ ಇದ್ದರೆ ಅವರೇ ನನ್ನನ್ನು ಕ್ಷಮಿಸುವುದಿಲ್ಲ. ಅವರು ನನ್ನ ಮುಖ ನೋಡಿ ಮೆಲ್ಲಗೆ ಅಂದರು: "ಮುಖ ಯಾಕೆ ಹಾಗಿಟ್ಕೊಂಡಿದೀಯೇ? ನಿನ್ನ ಕೆಲಸ ನೀನು ಮಾಡು."

"ಸಜ್ಜಾಗಿ," ಅಂದೆ.

ಆ ಮಾತಿನಿಂದ ಹಿಡಿದು "ರೇಂಜ್ ಸುರಕ್ಷಿತ" ಎನ್ನುವವರೆಗೆ ಆಟಗಾರರನ್ನು ಯಾರೂ ಮಾತಾಡಿಸುವಂತಿಲ್ಲ. ಸಲಹೆಯಿಲ್ಲ, ಕೂಗಿಲ್ಲ, ಕರೆಯಿಲ್ಲ. ಈ ನಿಯಮ ಬರೆದವರು ಯಾರೋ, ಅವರು ಸುರಕ್ಷತೆಯನ್ನಷ್ಟೇ ಯೋಚಿಸಿರಬೇಕು. ನನ್ನ ಮನೆಯಲ್ಲಿ ನಾನು ಸ್ನಾನಕ್ಕೆ ಹೋದರೂ ಬಾಗಿಲ ಸಂದಿಯಿಂದ ಸಾಕ್ಸ್ ಎಲ್ಲಿ ಎಂದು ಕೇಳುತ್ತಾರೆ. ಯಾರೂ ನನ್ನ ಹೆಸರು ಹಿಡಿದು ಕರೆಯದ ಹೊತ್ತು ಅಂತ ಒಂದು ಈ ಭೂಮಿಯ ಮೇಲೆ ಇದೆ ಎಂದು ನನಗೆ ಗೊತ್ತಾದದ್ದು ಇಲ್ಲೇ. ಅದಕ್ಕೆ ಇವತ್ತಿಗೂ ಋಣಿ.

ಟೈಮರ್ ಕೂಗಿತು. ಐಡೆಲ್ಲಾ ರೈಫಲ್ ಎತ್ತಿ ಗುಡ್ಡದ ಬುಡದ ಫಲಕಗಳನ್ನು ಹೊಡೆದರು. ಟಣ್. ಟಣ್. ಒಂದು ತಪ್ಪಿತು, ಮತ್ತೆ ಹೊಡೆದರು, ಟಣ್. ಸೇಫ್ಟಿ ಹಾಕಿದರು, ಬಗ್ಗಿ ನೋಡಿದೆ, ಹಾಕಿತ್ತು. ರೈಫಲ್ ಪೀಪಾಯಿಯೊಳಗೆ ಇಳಿಯಿತು. ನಡೆದೇ ಮೇಜಿನ ಹತ್ತಿರ ಹೋದರು, ಓಡಲಿಲ್ಲ. ತೋಟಾಕೋವಿ ಎತ್ತಿ ನಾಲ್ಕು ಫಲಕ ಉರುಳಿಸಿದರು. ಈಗ ಮತ್ತೆ ತುಂಬಬೇಕು. ಸೊಂಟದ ಪಟ್ಟಿಯಿಂದ ತೋಟೆಗಳನ್ನು ಎರಡೆರಡಾಗಿ ಕಿತ್ತು ಒಳಗೆ ತಳ್ಳುವ ಕೆಲಸ, ಈ ಆಟದಲ್ಲಿ ಅತಿ ಕಷ್ಟದ್ದು. ಊದಿದ ಬೆರಳಿನಿಂದ ಒಂದು ತೋಟೆ ಜಾರಿ ಜಲ್ಲಿಯ ಮೇಲೆ ಬಿತ್ತು.

ಆಗ ಹಿಂದಿನಿಂದ, ಶೆಡ್ಡಿನ ಬಾಗಿಲಿಂದ, ಸ್ಪಷ್ಟವಾಗಿ:

"ಐಡೀ! ಆ ದೊಡ್ಡ ಸೌಟು ಎಲ್ಲಿಟ್ಟಿದೀಯೇ?"

ನಮ್ಮ ಕಿವಿಯ ಮುಚ್ಚಳಗಳು ಗುಂಡಿನ ಸದ್ದನ್ನು ತಡೆಯುತ್ತವೆ, ಮಾತನ್ನು ಬಿಡುತ್ತವೆ. ಅವರಿಗೆ ಕೇಳಿಸಿತು. ಕತ್ತಿನ ನರ ಎಳೆದದ್ದು ನನಗೆ ಕಂಡಿತು. ಭುಜ ಒಂದಿಷ್ಟು ಅಲುಗಿತು. ನಾನು ಬಾಯಿ ತೆರೆದೆ, "ನಿಲ್ಲಿ" ಎಂಬ ಮಾತು ನಾಲಗೆಯ ತುದಿಗೆ ಬಂದು ನಿಂತಿತ್ತು. ಕೋವಿಯ ಬಾಯಿ ಮಣ್ಣಿನ ದಿಬ್ಬವನ್ನೇ ನೋಡುತ್ತಿತ್ತು. ಅಲ್ಲಿಂದ ಕದಲಲಿಲ್ಲ. ಐಡೆಲ್ಲಾ ಪಟ್ಟಿಗೆ ಕೈ ಹಾಕಿ ಇನ್ನೆರಡು ತೋಟೆ ಕಿತ್ತು ಒಳಗೆ ತಳ್ಳಿದರು. ಅವು ಹೋಗುವಾಗಿನ ಸದ್ದು ಚಕ್ ಚಕ್ ಎಂದು ಕೇಳಿಸಿತು.

"ಐಡೀ—"

"ಬಾಯಿ ಮುಚ್ಚು ಓರ್ವಲ್!" ತಂಡದ ಸಾಲಿನಿಂದ ಡೆಲ್ಬರ್ಟ್ ಗುಡುಗಿದ. ಅದೂ ನಿಯಮಕ್ಕೆ ವಿರುದ್ಧವೇ, ಆದರೆ ನಾನು ಕೇಳಿಸಿಕೊಳ್ಳಲಿಲ್ಲ.

ಉಳಿದ ಫಲಕಗಳು ಬಿದ್ದವು. ಕೋವಿ ಎರಡನೆಯ ಪೀಪಾಯಿಗೆ ಹೋಯಿತು, ಸೇಫ್ಟಿ ಹಾಕಿತ್ತು. ಪಿಸ್ತೂಲು ಬಂತು. ಕಂದು ರಟ್ಟುಗಳಿಗೆ ಎರಡೆರಡು ಗುಂಡು, ನಡುವೆ ಅಡ್ಡ ನಿಂತ, ಹೊಡೆಯಬಾರದ ಬಿಳಿ ರಟ್ಟನ್ನು ಬಿಟ್ಟು.

"ಮುಗಿದಿದ್ದರೆ ಖಾಲಿ ಮಾಡಿ ತೋರಿಸಿ," ಅಂದೆ. ಖಾಲಿ ಮಾಡಿ ತೋರಿಸಿದರು. "ರೇಂಜ್ ಸುರಕ್ಷಿತ" ಎಂದು ಕೂಗಿದೆ.

ಆಮೇಲೆ ನಾನು ಹೇಳಲೇಬೇಕಾದದ್ದನ್ನು ಹೇಳಿದೆ. "ಮಿಸ್ ಐಡೆಲ್ಲಾ, ಹೊರಗಿನವರು ಅಡ್ಡಿ ಮಾಡಿದ್ದಾರೆ. ಬೇಕಾದ್ರೆ ಈ ಓಟ ಅಳಿಸಿ ಇನ್ನೊಮ್ಮೆ ಹೊಡೀಬಹುದು. ನಿಮಗೆ ಆ ಹಕ್ಕಿದೆ."

"ಇನ್ನೊಮ್ಮೆ ಹೊಡೆದ್ರೆ ಇದು ಹೋಗುತ್ತಾ?"

"ಪೂರ್ತಿ ಹೋಗುತ್ತೆ."

"ಹಾಗಾದ್ರೆ ಬೇಡ." ಕನ್ನಡಕ ತೆಗೆದು ಒರೆಸಿಕೊಂಡರು. "ನಿಧಾನವಾಗಿದ್ರೂ ಇದೇ ಇರ್ಲಿ. ಅವನು ಕರೆದಾಗ ನಾನು ಹೀಗೆ ನಿಂತಿದ್ದು ಇದೊಂದೇ ಸಲ. ಅಳಿಸ್ಬೇಡ."

ಶೆಡ್ಡಿನಿಂದ ಓರ್ವಲ್ ಮೆಲ್ಲಗೆ ಇಳಿದು ಬಂದ. ಏಪ್ರನ್ನಿಗೆಲ್ಲ ಬೀನ್ಸ್ ಸಿಡಿದಿತ್ತು. "ತಪ್ಪಾಯ್ತು ಐಡೀ. ನೀನು ಗೆರೆ ಮೇಲಿದೀಯ ಅಂತ ಗೊತ್ತಾಗ್ಲಿಲ್ಲ."

"ಸೌಟು ಸಿಕ್ತಾ?"

"ಸಿಕ್ತು. ಕಣ್ಣೆದುರೇ ನೇತಾಡ್ತಿತ್ತು."

"ಮೂವತ್ತು ವರ್ಷದಿಂದ ಅಲ್ಲೇ ನೇತಾಡ್ತಾ ಇದೆ ಕಣೋ," ಅಂದರು. ಸಿಟ್ಟಿರಲಿಲ್ಲ. ಅವನ ಕೆನ್ನೆಯ ಮೇಲಿದ್ದ ಬೀನ್ಸಿನ ಸಿಪ್ಪೆಯನ್ನು ಬೆರಳಿನಿಂದ ತೆಗೆಯಲು ಕೈ ಎತ್ತಿದವರು, ಏನೋ ಯೋಚಿಸಿ ಇಳಿಸಿಕೊಂಡರು. ಅವನೇ ಒರೆಸಿಕೊಂಡ.

ಡೆಲ್ಬರ್ಟ್ ಅಂಕ ಕೂಗುತ್ತಾ ರಟ್ಟುಗಳ ಸಾಲಿನಲ್ಲಿ ನಡೆದ. ನಮ್ಮಲ್ಲಿ ರಟ್ಟಿನಲ್ಲಿ ಎಲ್ಲೇ ಆಗಲಿ ಎರಡು ತೂತು, ಇಲ್ಲವೇ ನಟ್ಟನಡುವೆ ಒಂದು ಬೇಕು. ಒಂದು ರಟ್ಟಿನ ಅಂಚಿನಲ್ಲಿ ಒಂದೇ ತೂತು: ದಂಡ ಐದು ಸೆಕೆಂಡು. ಐಡೆಲ್ಲಾ ತಲೆದೂಗಿದರು. ನಾನು ಟ್ಯಾಬ್ಲೆಟ್ಟಿನಲ್ಲಿ ಅಂಕ ಒತ್ತಿದೆ. ಆ ಮನೆ ತುಂಬಿತು.

ಆಗಷ್ಟೇ ಹೊಡೆದವರಿಗೆ ಅಂಟಿಸುವ ಕೆಲಸವಿಲ್ಲ, ಅದು ನಮ್ಮ ಪದ್ಧತಿ. ಐಡೆಲ್ಲಾಗೆ ಸುಮ್ಮನೆ ನಿಲ್ಲಲು ಬರುವುದಿಲ್ಲ. ಕಾಗದದ ಚೂರುಗಳ ಸುರುಳಿ ಹಿಡಿದು ಬಂದೇಬಿಟ್ಟರು. ನಾನು ಕೊನೆಯ ರಟ್ಟಿನ ಮುಂದೆ ನಿಂತಿದ್ದೆ. ಅದರ ನಟ್ಟನಡುವೆ ಅವರ ಎರಡು ಗುಂಡುಗಳೂ ಒತ್ತೊತ್ತಿಗೆ ಹೋಗಿ ಒಂದೇ ತೂತಿನಂತೆ ಕಾಣುತ್ತಿದ್ದವು. ಅಂಟಿಸಲು ಕೈ ಎತ್ತಿದೆ.

"ರೊಂಡಾ, ಅದೊಂದು ಸ್ವಲ್ಪ ಹೊತ್ತು ಹಾಗೇ ಬಿಡೇ."

ಬಿಟ್ಟೆ. ಅವರು ಆ ತೂತಿನಲ್ಲಿ ಕಿರುಬೆರಳು ಇಟ್ಟು ನೋಡಿದರು. ಮುಂದಿನ ಸರದಿ ಡೆಲ್ಬರ್ಟ್‌ನದು. ಗೆರೆಯ ಹಿಂದೆ ಕಾಯುತ್ತಾ ನಿಂತಿದ್ದ. ಶೆಡ್ಡಿನ ಕಡೆಯಿಂದ ಗಾಳಿಗೆ ಒಂದು ವಾಸನೆ ತೇಲಿ ಬಂತು.

"ಅವಸರ ಬೇಡಿ ಮಿಸ್ ಐಡೆಲ್ಲಾ," ಎಂದು ಅಲ್ಲಿಂದಲೇ ಕೂಗಿದ. "ನಿಧಾನಕ್ಕೆ ನೋಡ್ಕೊಳ್ಳಿ. ಬೀನ್ಸಂತೂ ಸೀದೇ ಹೋಯ್ತು."