ಮುಚ್ಚಳದ ಒಳಬದಿ

ಎಪ್ಪತ್ತರ ದಶಕದಲ್ಲಿ ಬಲ್ಮಠದ ನಮ್ಮ ಬಾಡಿಗೆ ಮನೆಯ ಪಕ್ಕದಲ್ಲಿ ಶವಪೆಟ್ಟಿಗೆ ಮಾಡುವ ಬಡಗಿಯೊಬ್ಬರಿದ್ದರು. ಬೇರೆಯವರು ಪೆಟ್ಟಿಗೆಯ ಹೊರಮೈಯನ್ನಷ್ಟೇ ನಯಗೊಳಿಸಿ ಬಿಡುತ್ತಿದ್ದರು. ಇವರು ಮುಚ್ಚಳದ ಒಳಬದಿಗೂ ಕೀಸುಳಿ ಹಾಕುತ್ತಿದ್ದರು. ಆಮೇಲೆ ಕಣ್ಣು ಮುಚ್ಚಿಕೊಂಡು ಅಂಗೈ ಸವರಿ, ಎಲ್ಲಾದರೂ ಸಿಬಿರು ಉಳಿದಿದೆಯೋ ಎಂದು ನೋಡುತ್ತಿದ್ದರು.

ಮಣ್ಣಿಗೆ ಹೋಗುವ ಮರಕ್ಕೆ ಇಷ್ಟೆಲ್ಲ ಯಾಕೆ ಎಂದು ಒಮ್ಮೆ ಕೇಳಿದೆ.

"ಏಳ್ಲಿಕ್ಕುಂಟಲ್ಲ ಮಾರಾಯ. ಕ್ರಿಸ್ತ ಎದ್ದ ಹಾಗೆ ನಾವೂ ಏಳ್ತೇವೆ. ಆಗ ಮೊದಲು ಕಣ್ಣಿಗೆ ಬೀಳುವುದು ಇದೇ."

ನಾಳೆ ಇಲ್ಲೇ ಹತ್ತಿರದ ಕುಲಶೇಖರಕ್ಕೆ ಹೋಗ್ಲಿಕ್ಕುಂಟು ಎನ್ನುವಷ್ಟು ಸಲೀಸಾಗಿ ಹೇಳಿದ್ದರು. ಯಾರು ಕೇಳಿದರೂ ಅದೇ ಉತ್ತರ, "ಏಳ್ಲಿಕ್ಕುಂಟಲ್ಲ."

ಅವರ ಹೆಂಡತಿ ತೀರಿಕೊಂಡಾಗ ಪೆಟ್ಟಿಗೆಯನ್ನು ಅವರೇ ಮಾಡಿದರು. ಪಾದ್ರಿಗಳು ಬಂದು ಕೂತಿದ್ದರು, ಹೊರುವವರು ಅಂಗಳದಲ್ಲಿ ಕಾಯುತ್ತಿದ್ದರು. ಇವರು ಮಾತ್ರ ಮುಚ್ಚಳವನ್ನು ಮಗುಚಿಟ್ಟು ಪಾಲಿಶ್ ಪೇಪರ್ ಉಜ್ಜುತ್ತಲೇ ಇದ್ದರು.

ಹೆಂಡತಿಯ ತಮ್ಮನಿಗೆ ತಡೆಯಲಾಗಲಿಲ್ಲ. "ಹೊತ್ತಾಯ್ತು ಭಾವ. ಒಳಗಿನದ್ದನ್ನು ಯಾರು ನೋಡ್ತಾರೆ?"

"ನಿನ್ನ ಅಕ್ಕ ನೋಡ್ತಾಳೆ," ಎಂದರು ತಲೆಯೆತ್ತದೆ. "ನಾನು ಮಾಡಿದ ಒಂದು ಸ್ಟೂಲನ್ನೂ ಅವಳು ಚಂದ ಉಂಟು ಅಂತ ಹೇಳಿದವಳಲ್ಲ."

ಅಳುತ್ತಿದ್ದ ತಮ್ಮ ನಕ್ಕುಬಿಟ್ಟ.

ಮುಚ್ಚುವ ಮೊದಲು ಅವರು ಇನ್ನೊಮ್ಮೆ ಕಣ್ಣು ಮುಚ್ಚಿ ಅಂಗೈ ಸವರಿದರು. ಎಲ್ಲೂ ಸಿಬಿರು ಸಿಗಲಿಲ್ಲ. ಮೊಳೆಗಳನ್ನು ಹೊಡೆದು ಮುಗಿಸಿ, ಮದುಮಗನ ಹಾಗೆ ಎದೆಯೆತ್ತಿ ನಿಂತು, ಅಂಗಳಕ್ಕೆಲ್ಲ ಕೇಳುವಂತೆ ಹೇಳಿದರು:

"ಇನ್ನು ಎದ್ದು ಎಂತ ಹೇಳ್ತಾಳೆ, ನೋಡುವ."